ಗುಲಾಬಿ ಲಾಡಿಯ ಎರಡು ಗಂಟು

ಐದನೆಯ ಲಕೋಟೆ ಖಾಲಿಯಾಗಿತ್ತು.

ಹೆಸ್ಟರ್ ಓಲ್ಡ್‌ರಾಯ್ಡ್ ಅದನ್ನು ತಲೆಕೆಳಗು ಮಾಡಿ ಕೊಡವಿದಳು. ಎರಡು ಬೆರಳು ಹಾಕಿ ತಡಕಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಏನೂ ಇಲ್ಲ.

1996ರ ನವೆಂಬರ್. ಮಂಗಳವಾರ ಬೆಳಗ್ಗೆ ಒಂಬತ್ತು ನಲವತ್ತು. ಲೀಡ್ಸ್ ನಗರದಲ್ಲಿ ಬ್ಯಾರಿಸ್ಟರ್‌ಗಳ ಕಚೇರಿಯಾದ ಟೆಂಟರ್ ಕೋರ್ಟ್ ಚೇಂಬರ್ಸ್‌ನ ಮಹಡಿ ಕೋಣೆಯಲ್ಲಿ ಮೇಜಿನ ಸುತ್ತ ನಾಲ್ವರು ಕುಳಿತಿದ್ದರು. ಹೆಸ್ಟರ್‌ಗೆ ತರಬೇತಿ ಕೊಡುತ್ತಿದ್ದ ಬ್ಯಾರಿಸ್ಟರ್ ರೋಸಲಿಂಡ್ ಆ್ಯಪಲ್‌ಗಾರ್ತ್. ಆರೋಪಿಯ ಪರ ಕಡತ ಸಿದ್ಧಪಡಿಸಿ ತಂದಿದ್ದ ಬ್ರಾಡ್‌ಫರ್ಡ್‌ನ ಸಾಲಿಸಿಟರ್ ಕ್ಲೈವ್ ಇಲ್ಲಿಂಗ್‌ವರ್ತ್. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡ ಆರೋಪಿ ವಿಲ್ಫ್ ಹೆಬ್ಡನ್. ಮತ್ತು ಖಾಲಿ ಲಕೋಟೆ ಹಿಡಿದ ಹೆಸ್ಟರ್.

ಕಡತ ಬಿಚ್ಚುವುದಕ್ಕೇ ಅವಳಿಗೆ ಎರಡು ನಿಮಿಷ ಹಿಡಿದಿತ್ತು. ಸುತ್ತಿದ ಗುಲಾಬಿ ಲಾಡಿಯ ಮೇಲೆ ಬಿಗಿಯಾದ ಎರಡು ಗಂಟು. ಉಗುರಿಗೆ ಬಗ್ಗದಿದ್ದಾಗ ಹಲ್ಲು ಹಾಕಿದ್ದಳು. "ಹಡಗು ಕಟ್ಟೋ ಹಾಗೆ ಕಟ್ತೀಯಲ್ಲೇ" ಎಂದು ರೋಸಲಿಂಡ್ ನಕ್ಕಿದ್ದರು.

ಈಗ ಯಾರೂ ನಗುತ್ತಿರಲಿಲ್ಲ.

"ಅದರಲ್ಲಿ ನನ್ನ ಗಡಿಯಾರದ ಕಾಗದದ ಪಟ್ಟಿ ಇತ್ತಲ್ವಾ?" ವಿಲ್ಫ್ ಕೇಳಿದರು.

ಇತ್ತು. ಇಡೀ ಮೊಕದ್ದಮೆ ನಿಂತದ್ದೇ ಅದರ ಮೇಲೆ. ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಎರಡೂಕಾಲಕ್ಕೆ ಬ್ಯಾಟ್ಲಿಯ ಹಳೆಬಟ್ಟೆ ಗೋದಾಮಿಗೆ ಬೆಂಕಿ ಬಿದ್ದಿತ್ತು. ಬೆಂಕಿ ಇಟ್ಟವರು ಅಲ್ಲಿಂದ ಕೆಲಸ ಕಳೆದುಕೊಂಡಿದ್ದ ವಿಲ್ಫ್ ಎಂಬುದು ಆರೋಪ. ಆ ಹೊತ್ತಿಗೆ ತಾನು ನಾಲ್ಕು ಮೈಲಿ ದೂರದ ಆಸೆಟ್‌ನ ಹಿತ್ತಲಲ್ಲಿ ಪಂದ್ಯದ ಪಾರಿವಾಳಗಳಿಗೆ ಕಾಯುತ್ತಿದ್ದೆ ಎನ್ನುವುದು ವಿಲ್ಫ್ ಮಾತು. ಹಕ್ಕಿ ಬಂದಿಳಿದ ಕೂಡಲೇ ಅದರ ಕಾಲಿನ ರಬ್ಬರ್ ಉಂಗುರ ಬಿಡಿಸಿ, ಪಾರಿವಾಳ ಕ್ಲಬ್ಬಿನವರು ಸೀಲು ಹಾಕಿದ ಗಡಿಯಾರದೊಳಗೆ ಹಾಕಬೇಕು. ಗಡಿಯಾರ ಕಾಗದದ ಪಟ್ಟಿಯ ಮೇಲೆ ನೇರಳೆ ಶಾಯಿಯ ಚುಕ್ಕೆಗಳಲ್ಲಿ ಸಮಯ ಒತ್ತುತ್ತದೆ. ವಿಲ್ಫ್ ಪಟ್ಟಿಯಲ್ಲಿ ಎರಡು ಸಮಯಗಳಿದ್ದವು: 2.14, 2.19. ಕೆಳಗೆ ಕ್ಲಬ್ಬಿನ ಕಾರ್ಯದರ್ಶಿಯ ಸಹಿ.

"ನಕಲು?" ರೋಸಲಿಂಡ್ ಕೇಳಿದರು.

"ಇದೆ. ಆದ್ರೆ ಆ ನೇರಳೆ ಶಾಯಿ ನಕಲಿನಲ್ಲಿ ಮೂಡಿಲ್ಲ. ಬರೀ ಬೂದಿ ಬಣ್ಣ" ಎಂದಳು ಹೆಸ್ಟರ್.

"ಕ್ಲಬ್ಬಿನ ಫಲಿತಾಂಶದ ಹಾಳೆ?"

"ಮೊದಲ ಹತ್ತು ಜನರದ್ದು ಮಾತ್ರ ಬರೀತಾರೆ ಮೇಡಂ. ನಾನು ಹದಿನೇಳನೆಯವನು" ಎಂದರು ವಿಲ್ಫ್. "ಜೀವಮಾನದಲ್ಲಿ ಒಂದು ಸಲ ಗೆಲ್ಲಬೇಕಾಗಿತ್ತು. ಅವತ್ತೇ ನೀಲಿ ಹೆಣ್ಣು ಹಕ್ಕಿ ಸೂರಿನ ಮೇಲೆ ಕೂತು ಕಾಲು ಗಂಟೆ ಪುಕ್ಕ ಬಾಚ್ಕೊಂಡ್ಳು."

ಕ್ಲೈವ್ ನಿಟ್ಟುಸಿರು ಬಿಟ್ಟರು. ಹನ್ನೊಂದು ವರ್ಷ ಅವರ ಕಚೇರಿಯಲ್ಲೇ ಸಾಲಿಸಿಟರ್ ಆಗಿ ದುಡಿದಿದ್ದ ಹೆಸ್ಟರ್‌ಗೆ ಆ ನಿಟ್ಟುಸಿರು ಗೊತ್ತಿತ್ತು. ಕೆಟ್ಟ ಸುದ್ದಿ ಹೇಳುವ ಮುಂಚಿನದು.

"ಹೆಬ್ಡನ್, ಪಟ್ಟಿ ಇಲ್ಲದೆ ಹೋದ್ರೆ ನಿಮ್ಮ ಮಾತನ್ನ ಯಾರೂ ನಂಬಲ್ಲ. ಗುರುವಾರ ವಿಚಾರಣೆ. ತಪ್ಪೊಪ್ಕೊಂಡ್ರೆ ಮೂರು ವರ್ಷ. ಹೋರಾಡಿ ಸೋತ್ರೆ ಐದು. ನನ್ನ ಸಲಹೆ, ಒಪ್ಕೊಂಡುಬಿಡಿ."

"ಮಾಡದೇ ಇರೋದನ್ನಾ?"

"ಯೋಚನೆ ಮಾಡಿ." ಕ್ಲೈವ್ ಹೆಸ್ಟರ್ ಕಡೆ ತಿರುಗಿದರು. ದನಿ ಮೃದುವಾಗಿತ್ತು. "ಶುಕ್ರವಾರದಿಂದ ಕಡತ ನಿನ್ನ ಹತ್ರಾನೇ ಇತ್ತಲ್ವಾ ಹೆಸ್ಟರ್?"

\*

ಹೆಸ್ಟರ್‌ಗೆ ಮೂವತ್ತೆಂಟು. ಹನ್ನೊಂದು ವರ್ಷ ಪೊಲೀಸ್ ಠಾಣೆಗಳಲ್ಲಿ ಆರೋಪಿಗಳ ಪಕ್ಕ ಕುಳಿತವಳು. ದೊಡ್ಡ ನ್ಯಾಯಾಲಯದಲ್ಲಿ ಮಾತ್ರ ಅವಳ ಜಾಗ ಹಿಂದಿನ ಬೆಂಚು. ಮುಂದೆ ವಿಗ್ ಹಾಕಿದ ಬ್ಯಾರಿಸ್ಟರ್ ನಿಂತು ವಾದಿಸುತ್ತಾರೆ. ಹಿಂದೆ ಕುಳಿತ ಸಾಲಿಸಿಟರ್ ಚೀಟಿ ಬರೆದು ಮುಂದಕ್ಕೆ ತಳ್ಳುತ್ತಾರೆ. ಎಷ್ಟೋ ಸಲ ನ್ಯಾಯಾಧೀಶರು ತಲೆದೂಗಿದ ಪ್ರಶ್ನೆ ಅವಳ ಚೀಟಿಯದಾಗಿರುತ್ತಿತ್ತು. ಕೊನೆಗೊಂದು ದಿನ ಆ ಪ್ರಶ್ನೆಯನ್ನು ತಾನೇ ಕೇಳಬೇಕೆನಿಸಿತು. ಕಚೇರಿಯಲ್ಲಿ ಪಾಲುದಾರಳಾಗುವ ಅವಕಾಶ ಬಿಟ್ಟು, ಪರೀಕ್ಷೆ ಕಟ್ಟಿ, ವಿಗ್ ಕೊಂಡು, ತನಗಿಂತ ಹನ್ನೆರಡು ವರ್ಷ ಚಿಕ್ಕವರ ಜೊತೆ ತರಬೇತಿಗೆ ಸೇರಿದಳು. ಇನ್ನು ಮೂರು ತಿಂಗಳು ಕಳೆದರೆ ಮುಗಿಯುತ್ತಿತ್ತು.

ಹಳೆಯ ಕಚೇರಿಯ ಒಂದು ಚಾಳಿ ಮಾತ್ರ ಬಿಟ್ಟಿರಲಿಲ್ಲ. ಸಾಲಿಸಿಟರ್‌ಗಳು ದಿನವನ್ನು ಆರಾರು ನಿಮಿಷದ ತುಂಡು ಮಾಡಿ ಬರೆದಿಡುತ್ತಾರೆ. ಹೆಸ್ಟರ್ ಈಗಲೂ ಬರೆಯುತ್ತಿದ್ದಳು. ಕೆಟಲಿಗೆ ನೀರು ಇಟ್ಟದ್ದನ್ನೂ ಬರೆಯುತ್ತಾಳೆ ಎಂದು ಚೇಂಬರ್ಸ್‌ನಲ್ಲಿ ತಮಾಷೆ ಮಾಡುತ್ತಿದ್ದರು.

ಹೆಡ್ ಗುಮಾಸ್ತ ಲೆನ್ ಗಾರ್ಸೈಡ್ ಮಧ್ಯಾಹ್ನ ಅವಳನ್ನು ಕೆಳಗಿನ ಕೋಣೆಗೆ ಕರೆದರು. ಮೇಜಿನ ಮೇಲೆ ತೆರೆದ ಪತ್ರವಿತ್ತು.

"ಮಿಸ್, ಬಾಗಿಲು ಹಾಕಿ. ಇಲ್ಲಿಂಗ್‌ವರ್ತ್ ದೂರು ಕೊಟ್ಟಿದಾರೆ. ನಾಳೆ ನಾಲ್ಕಕ್ಕೆ ಸಮಿತಿ ಸೇರತ್ತೆ. ನಿಮ್ಮ ತರಬೇತಿ ಮುಂದುವರಿಸಬೇಕಾ ಬೇಡ್ವಾ ಅಂತ."

"ಇದು ಬಂದಿದ್ದು ಯಾವಾಗ?"

"ಹನ್ನೊಂದು ದಾಟಿತ್ತು. ಟ್ಯಾಕ್ಸಿಯವನು ತಂದುಕೊಟ್ಟ."

"ಹನ್ನೊಂದು ದಾಟಿ ಎಷ್ಟು?"

"ಅಯ್ಯೋ, ನಿಮ್ಮ ಆರು ನಿಮಿಷದ ಲೆಕ್ಕ ನನ್ನ ಹತ್ರ ಇಲ್ಲ ಮಿಸ್." ಲೆನ್ ಪತ್ರ ತಿರುಗಿಸಿ ಹಿಂದೆ ಒತ್ತಿದ್ದ ಸಮಯದ ಮೊಹರು ನೋಡಿದರು. "ಹನ್ನೊಂದು ಗಂಟೆ ಹನ್ನೆರಡು ನಿಮಿಷ."

ಹೆಸ್ಟರ್ ಬರೆದುಕೊಂಡಳು.

"ಲೆನ್, ನಿಜ ಹೇಳಿ. ನಾನೇ ಕಳೆದೆ ಅಂತ ನಿಮಗೂ ಅನ್ಸತ್ತಾ?"

ಲೆನ್ ಕನ್ನಡಕ ತೆಗೆದು ಒರೆಸಿದರು. "ಚಹಾದ ಚಮಚ ತಗೊಂಡ್ರೂ ಚೀಟಿ ಇಟ್ಟು ಹೋಗೋರು ನೀವು. ಇನ್ನೊಂದು ವಿಷಯ ಹೇಳಬೇಕಾ ಬೇಡ್ವಾ ಗೊತ್ತಾಗ್ತಿಲ್ಲ. ಸೋಮವಾರ ಊಟದ ಹೊತ್ತಲ್ಲಿ ಲಸೆಲ್ಸ್ ಸರ್ ನಿಮ್ಮ ಶೆಲ್ಫ್ ಹತ್ರ ನಿಂತಿದ್ರು. ನನ್ನ ನೋಡಿ ಬೆಚ್ಚಿಬಿದ್ರು."

ಪಿಯರ್ಸ್ ಲಸೆಲ್ಸ್. ಜೊತೆಯ ತರಬೇತಿದಾರ, ಇಪ್ಪತ್ತಾರು ವರ್ಷ. ಚೇಂಬರ್ಸ್‌ನಲ್ಲಿ ಖಾಲಿ ಇದ್ದದ್ದು ಒಂದೇ ಸ್ಥಾನ, ಬಯಸುತ್ತಿದ್ದವರು ಇಬ್ಬರು. ಹೆಸ್ಟರ್ ಹೊರಬಿದ್ದರೆ ಉಳಿಯುವವನು ಅವನೊಬ್ಬನೇ.

\*

ಪಿಯರ್ಸ್ ಗ್ರಂಥಾಲಯದ ಏಣಿಯ ಮೇಲಿದ್ದ. ಅವಳನ್ನು ನೋಡಿದೊಡನೆ ಮುಖ ಕೆಂಪಾಯಿತು.

"ಕೆಳಗಿಳಿ ಪಿಯರ್ಸ್."

"ಇಲ್ಲೇ ಚೆನ್ನಾಗಿದೆ."

"ಸೋಮವಾರ ನನ್ನ ಕಡತ ಬಿಚ್ಚಿದೆಯಲ್ಲ. ಯಾಕೆ?"

ಅವನು ನಿಧಾನವಾಗಿ ಇಳಿದ. ಸುಳ್ಳು ಹೇಳುವಷ್ಟು ಧೈರ್ಯ ಮುಖದಲ್ಲಿರಲಿಲ್ಲ.

"ನೀನು ಬರೆದ ಪಾಟೀಸವಾಲಿನ ಟಿಪ್ಪಣಿ ಓದೋಕೆ. ಆ್ಯಪಲ್‌ಗಾರ್ತ್ ಅದನ್ನ ಹೊಗಳ್ತಾನೇ ಇದ್ರು. ನಿನ್ನಷ್ಟು ಚೆನ್ನಾಗಿ ನಾನು ಬರೀತೀನಾ ಅಂತ ನೋಡ್ಬೇಕಾಗಿತ್ತು."

"ಬರೀತೀಯಾ?"

"ಇಲ್ಲ." ಪಿಯರ್ಸ್ ನೆಲ ನೋಡಿದ. "ಆದ್ರೆ ಆ ಪಟ್ಟಿ ನಾನು ತಗೊಂಡಿಲ್ಲ. ಆಣೆ. ನೇರಳೆ ಚುಕ್ಕೆ ಇರೋ ಉದ್ದನೆ ಕಾಗದ ತಾನೆ? ಕಿಟಕಿಗೆ ಹಿಡಿದು ನೋಡಿದೆ. ಪಾರಿವಾಳಕ್ಕೂ ಗಡಿಯಾರ ಇರತ್ತೆ ಅಂತ ಅವತ್ತೇ ಗೊತ್ತಾಗಿದ್ದು. ವಾಪಸ್ ಲಕೋಟೆಯಲ್ಲೇ ಇಟ್ಟೆ."

"ಎಷ್ಟು ಹೊತ್ತಿಗೆ?"

"ಒಂದೂವರೆ."

"ಆಮೇಲೆ ಕಟ್ಟಿದೆಯಾ?"

"ಕಟ್ಟಿದೆ ಅಂದ್ರೆ... ನಿನ್ನ ಆ ಎರಡು ಗಂಟು ನನಗೆ ಬರಲ್ಲ ಹೆಸ್ಟರ್. ಬಿಚ್ಚೋಕೇ ಬೆವರಿಳೀತು. ಸುತ್ತಿ ತುದಿ ಒಳಗೆ ಸಿಕ್ಕಿಸಿದೆ, ಇಲ್ಲಿ ಎಲ್ಲರೂ ಮಾಡ್ತಾರಲ್ಲ ಹಾಗೆ. ನಿನಗೆ ಗೊತ್ತಾಗತ್ತೆ ಅಂತ ರಾತ್ರಿಯೆಲ್ಲ ಹೆದರಿದ್ದೆ."

ಹೆಸ್ಟರ್ ನೋಟ್‌ಬುಕ್ ತೆಗೆದು ಸಮಯ ಬರೆದುಕೊಂಡಳು.

ಬ್ಯಾರಿಸ್ಟರ್‌ಗಳು ಲಾಡಿಗೆ ಗಂಟು ಹಾಕುವುದಿಲ್ಲ. ನ್ಯಾಯಾಧೀಶರ ಮುಂದೆ ನಿಂತಾಗ ಒಂದೇ ಎಳೆತಕ್ಕೆ ಕಡತ ಬಿಚ್ಚಿಕೊಳ್ಳಬೇಕು. ಚೇಂಬರ್ಸ್‌ಗೆ ಬಂದ ಮೊದಲ ವಾರವೇ ಲೆನ್ ಅವಳಿಗೆ ಅದನ್ನು ಹೇಳಿಕೊಟ್ಟಿದ್ದರು. ಅವಳ ಕೈ ಮಾತ್ರ ಕಲಿತಿರಲಿಲ್ಲ.

ಸೋಮವಾರ ಒಂದೂವರೆಗೆ ಲಾಡಿಯಲ್ಲಿ ಗಂಟೇ ಇರಲಿಲ್ಲ. ಮಂಗಳವಾರ ಒಂಬತ್ತು ನಲವತ್ತಕ್ಕೆ ಎರಡು ಗಂಟಿತ್ತು. ಹಾಕಿದವಳು ಅವಳಲ್ಲ.

"ಪಿಯರ್ಸ್, ಇದನ್ನ ನಾಳೆ ಸಮಿತಿ ಮುಂದೆ ಹೇಳ್ತೀಯಾ?"

ಅವನ ಮುಖದ ಕೆಂಪು ಇಳಿಯಿತು. "ಹೇಳಿದ್ರೆ ನನ್ನ ಕಥೆ ಮುಗೀತು."

"ಹೇಳದೇ ಇದ್ರೆ ಹೆಬ್ಡನ್ ಕಥೆ ಮುಗಿಯತ್ತೆ."

ಅವನು ಮತ್ತೆ ಏಣಿ ಹತ್ತಿದ.

\*

ಬುಧವಾರ ಬೆಳಗ್ಗೆ ರೋಸಲಿಂಡ್ ಸಿಗರೇಟು ಹಚ್ಚಿ ಎಲ್ಲವನ್ನೂ ಕೇಳಿದರು.

"ಎರಡು ಗಂಟು ಹಾಕೋರು ಈ ಊರಲ್ಲಿ ಯಾರಿದಾರೆ?"

"ಕ್ಲೈವ್ ಕಚೇರಿಯವರು. ಕ್ಲೈವ್ ಅವರೇ ನನಗೆ ಕಲಿಸಿದ್ದು, ಮೊದಲ ದಿನಾನೇ. ಒಂದ್ಸಲ ಅಂಚೆ ಚೀಲದಲ್ಲಿ ಕಡತ ಬಿಚ್ಚಿಹೋಗಿ ನೂರಾರು ಹಾಳೆ ಕಲಸಿಹೋಗಿತ್ತಂತೆ. ಆವತ್ತಿಂದ ಅಲ್ಲಿ ಎಲ್ಲರದ್ದೂ ಎರಡು ಗಂಟೇ."

"ಕ್ಲೈವ್ ಸೋಮವಾರ ಇಲ್ಲಿಗೆ ಬಂದಿದ್ರಾ?"

"ಲೆನ್ ಹೇಳಿದ್ರು, ಮೂರೂವರೆಗೆ. ಯಾವುದೋ ಕಾಗದ ಕೊಡೋಕೆ. ಲೆನ್ ಚಹಾ ತರೋಕೆ ಹೋದಾಗ ಶೆಲ್ಫ್ ಹತ್ರ ಒಬ್ಬರೇ ಇದ್ರು."

"ಗಂಟು ಸಾಕ್ಷಿ ಆಗಲ್ಲ ಹೆಸ್ಟರ್. ತನ್ನ ಕಕ್ಷಿಗಾರನನ್ನೇ ಮುಳುಗಿಸೋಕೆ ಅವರಿಗೇನು ಹುಚ್ಚಾ?"

ಅದನ್ನೇ ಹೆಸ್ಟರ್ ಹಿಂದಿನ ಸಂಜೆಯಿಂದ ಕೇಳಿಕೊಳ್ಳುತ್ತಿದ್ದಳು. ಒಂದು ಮಾತು ಕೊರೆಯುತ್ತಿತ್ತು: ಒಪ್ಪಿಕೊಂಡುಬಿಡಿ. ಅವಳು ಕಂಡ ಕ್ಲೈವ್ ಯಾರಿಗೂ ಅಷ್ಟು ಬೇಗ ಆ ಸಲಹೆ ಕೊಟ್ಟವರಲ್ಲ. ತಪ್ಪೊಪ್ಪಿಕೊಂಡರೆ ವಿಚಾರಣೆ ಇಲ್ಲ. ವಿಚಾರಣೆ ಇಲ್ಲದಿದ್ದರೆ ಏನು ಹೊರಬರುವುದಿಲ್ಲ?

ಅವಳು ಕಡತದ ಮೂರನೆಯ ಲಕೋಟೆಯಿಂದ ಒಂದು ಹಾಳೆ ತೆಗೆದಳು. ಅಪರಾಧ ನಡೆದಾಗ ತಾನು ಬೇರೆ ಕಡೆ ಇದ್ದೆ ಎನ್ನುವ ಆರೋಪಿ, ಮೊಕದ್ದಮೆ ಮೇಲಿನ ನ್ಯಾಯಾಲಯಕ್ಕೆ ಹೋದ ಏಳು ದಿನದೊಳಗೆ ಪ್ರಾಸಿಕ್ಯೂಷನ್‌ಗೆ ನೋಟಿಸ್ ಕೊಡಬೇಕು. ಕೊಡುವ ಹೊಣೆ ಸಾಲಿಸಿಟರ್‌ದು. ಕೊಡದಿದ್ದರೆ ನ್ಯಾಯಾಧೀಶರ ಅನುಮತಿಯಿಲ್ಲದೆ ಆ ವಾದ ಎತ್ತುವಂತಿಲ್ಲ. ಇದು ಆ ನೋಟಿಸಿನ ಪ್ರತಿ. ದಿನಾಂಕ ಸೆಪ್ಟೆಂಬರ್ ಹನ್ನೆರಡು.

ಪ್ರಾಸಿಕ್ಯೂಷನ್ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯವರು ಎರಡು ಸಲ ಹುಡುಕಿದರು.

"ಇಲ್ಲ ಮೇಡಂ. ಪಾರಿವಾಳದ ವಿಷಯ ನಮಗೆ ಯಾರೂ ತಿಳಿಸಿಲ್ಲ."

ಫೋನ್ ಇಟ್ಟು ಹೆಸ್ಟರ್ ಹೇಳಿದಳು: "ನೋಟಿಸ್ ಕೊಟ್ಟೇ ಇಲ್ಲ. ಮರೆತಿದಾರೆ. ಆಮೇಲೆ ಕೊಟ್ಟ ಹಾಗೆ ಪ್ರತಿ ಮಾಡಿಟ್ಟಿದಾರೆ."

ರೋಸಲಿಂಡ್ ಸಿಗರೇಟು ಆರಿಸಿದರು. "ಮುಂದಿನ ತಿಂಗಳು ಕ್ಲೈವ್ ಅರೆಕಾಲಿಕ ನ್ಯಾಯಾಧೀಶ ಆಗ್ತಿದಾರೆ."

"ಹೌದು. ನಾಳೆ ವಿಚಾರಣೆ ನಡೆದ್ರೆ, ನೋಟಿಸ್ ಎಲ್ಲಿ ಅಂತ ಮೊದಲ ಹತ್ತು ನಿಮಿಷದಲ್ಲೇ ಕೇಳ್ತಾರೆ."

"ಇನ್ನೂ ಸಾಕಾಗಲ್ಲ. ಅಂಚೆಯಲ್ಲಿ ಕಳೆದುಹೋಯ್ತು ಅಂತಾರೆ."

ಹೆಸ್ಟರ್ ತನ್ನ ನೋಟ್‌ಬುಕ್ ತೆರೆದಳು. ಮಂಗಳವಾರ: 10.24, ಸಭೆ ಮುಗಿಯಿತು, ಕ್ಲೈವ್ ಹೊರಟರು. 11.12, ದೂರಿನ ಪತ್ರ ಬಂತು. ನಡುವೆ ನಲವತ್ತೆಂಟು ನಿಮಿಷ. ಬ್ರಾಡ್‌ಫರ್ಡ್‌ಗೆ ಹೋಗಲು ಅರ್ಧ ಗಂಟೆ, ಟ್ಯಾಕ್ಸಿ ಅಲ್ಲಿಂದ ಬರಲು ಅರ್ಧ ಗಂಟೆ. ಇನ್ನು ಎರಡು ಪುಟ ಹೇಳಿ, ಟೈಪ್ ಮಾಡಿಸಿ, ಸಹಿ ಹಾಕುವ ಸಮಯ ಬೇರೆ.

"ನಾನು ಬ್ರಾಡ್‌ಫರ್ಡ್‌ಗೆ ಹೋಗಿಬರ್ತೀನಿ" ಎಂದು ಕೋಟು ಎತ್ತಿಕೊಂಡಳು.

\*

ಮೊರೀನ್ ಬಟರ್‌ಫೀಲ್ಡ್ ಇಪ್ಪತ್ತೆರಡು ವರ್ಷದಿಂದ ಕ್ಲೈವ್‌ರ ಪತ್ರಗಳನ್ನು ಟೈಪ್ ಮಾಡುತ್ತಿದ್ದವರು. ಊಟದ ವಿರಾಮದಲ್ಲಿ ಪ್ರತಿದಿನ ಕೂರುವ ಚಹಾದಂಗಡಿಯಲ್ಲೇ ಕೂತಿದ್ದರು. ಮುಂದೆ ಬೆಣ್ಣೆ ಸವರಿದ ಬನ್ನು ಮುಟ್ಟದೆ ಹಾಗೇ ಇತ್ತು.

"ನೀನು ಬರ್ತೀಯಾ ಅಂತ ಗೊತ್ತಿತ್ತು ಮಗಳೇ. ಕೂತ್ಕೋ. ತೆಳ್ಳಗಾಗಿದೀಯಾ. ಆ ವಿಗ್ಗಿನೋರು ಊಟ ಹಾಕಲ್ವಾ?"

"ಮೊರೀನ್, ಒಂದೇ ಪ್ರಶ್ನೆ. ನನ್ನ ಮೇಲಿನ ದೂರು ಯಾವಾಗ ಟೈಪ್ ಮಾಡಿದ್ರಿ?"

ಮೊರೀನ್ ಬನ್ನನ್ನು ನಾಲ್ಕು ತುಂಡು ಮಾಡಿದರು. ಒಂದನ್ನೂ ಬಾಯಿಗಿಡಲಿಲ್ಲ.

"ಅವರು ಕಾರಲ್ಲೇ ಎಲ್ಲಾ ಪತ್ರ ಹೇಳ್ತಾರೆ, ನಿನಗೆ ಗೊತ್ತಲ್ಲ. ಆ ಪುಟ್ಟ ಯಂತ್ರಕ್ಕೆ. ಸಂಜೆ ಕ್ಯಾಸೆಟ್ ನನ್ನ ಮೇಜಿನ ಮೇಲೆ ಎಸೀತಾರೆ. ಅವರು ಹೇಳಿದ್ದೇನು ಅಂತ ಅವರೇ ಆಮೇಲೆ ಕೇಳಿಸಿಕೊಳ್ಳಲ್ಲ. ಕೇಳೋಳು ನಾನೊಬ್ಬಳೇ." ಕೈಚೀಲದ ಜಿಪ್ಪು ಎಳೆದರು. "ಬೇರೆಯವರ ಕಡತ ಆಗಿದ್ರೆ ತುಟಿ ಬಿಚ್ತಿರಲಿಲ್ಲ. ಆದ್ರೆ ಇದು ಹೆಬ್ಡನ್ ಕಡತ, ನೀವು ಹೆಬ್ಡನ್ ವಕೀಲರು. ಬೆಳಗ್ಗೆ ನಮ್ಮ ದೊಡ್ಡ ಪಾಲುದಾರರನ್ನ ಕೇಳಿದೆ. ಕೊಡು ಅಂದ್ರು."

ಕಾಗದದ ಕರವಸ್ತ್ರದಲ್ಲಿ ಸುತ್ತಿದ ಪುಟ್ಟ ಕ್ಯಾಸೆಟ್ ಮೇಜಿನ ಮೇಲೆ ಬಂತು.

\*

ನಾಲ್ಕು ಗಂಟೆ. ಚೇಂಬರ್ಸ್‌ನ ಮುಖ್ಯಸ್ಥ ಗಾಡ್‌ಫ್ರೀ ಮಾಡ್‌ಸ್ಲಿ ಉದ್ದ ಮೇಜಿನ ತುದಿಯಲ್ಲಿ ಕುಳಿತಿದ್ದರು. ಅವರ ಎಡಕ್ಕೆ ರೋಸಲಿಂಡ್ ಮತ್ತು ಇನ್ನಿಬ್ಬರು ಬ್ಯಾರಿಸ್ಟರ್‌ಗಳು. ಎದುರಿಗೆ ದೂರುದಾರ ಕ್ಲೈವ್. ಬಾಗಿಲ ಬಳಿ ಲೆನ್ ಮತ್ತು ಪಿಯರ್ಸ್. ಹೆಸ್ಟರ್‌ಗೆ ರೋಸಲಿಂಡ್‌ರ ಹಿಂದಿನ ಕುರ್ಚಿ.

ಕ್ಲೈವ್ ದುಃಖದ ದನಿಯಲ್ಲಿ ಹೇಳಿದರು: "ಇವಳ ಮೇಲೆ ನನಗೆ ಅಭಿಮಾನ ಇದೆ. ನಾನೇ ಬೆಳೆಸಿದವಳು. ಆದ್ರೆ ಎಲ್ಲರೂ ಎಲ್ಲಾ ಕೆಲಸಕ್ಕೂ ಆಗಿಬರಲ್ಲ. ಹಿಂದಿನ ಬೆಂಚಿನಲ್ಲಿ ಬಹಳ ಚೆನ್ನಾಗಿದ್ದಳು."

ಹೆಸ್ಟರ್ ತಲೆ ತಗ್ಗಿಸಿ ಬರೆಯುತ್ತಿದ್ದಳು. ಕೇಳಬೇಕಾದ ಪ್ರಶ್ನೆಗಳು, ಒಂದರ ಕೆಳಗೊಂದು, ಸರಿಯಾದ ಕ್ರಮದಲ್ಲಿ. ಚೀಟಿ ಮಡಿಸಿ ಮುಂದೆ ಕೂತ ರೋಸಲಿಂಡ್‌ರ ಮೊಣಕೈ ಬಳಿ ತಳ್ಳಿದಳು. ಹನ್ನೊಂದು ವರ್ಷದ ಅಭ್ಯಾಸ.

ರೋಸಲಿಂಡ್ ಓದಿದರು. ಹಿಂದೆ ತಿರುಗಿ ಚೀಟಿಯನ್ನು ಅವಳ ಕೈಗೇ ಇಟ್ಟರು.

"ಚೆನ್ನಾಗಿದೆ. ಎದ್ದು ನೀನೇ ಕೇಳು."

ಹೆಸ್ಟರ್ ಎದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಮಿಸ್ಟರ್ ಇಲ್ಲಿಂಗ್‌ವರ್ತ್. ಸೋಮವಾರ ಮೂರೂವರೆಗೆ ನೀವು ಇಲ್ಲಿಗೆ ಬಂದ್ರಿ."

"ಬಂದೆ. ಗುಟ್ಟೇನಲ್ಲ."

"ಹೆಬ್ಡನ್ ಕಡತ ಮುಟ್ಟಿದ್ರಾ?"

"ಇಲ್ಲ."

"ಲಕೋಟೆ ಖಾಲಿ ಅಂತ ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ?"

"ಮಂಗಳವಾರ ಬೆಳಗ್ಗೆ. ನಿನ್ನ ಕೈಯಲ್ಲೇ ನೋಡಿದೆ."

"ಅದಕ್ಕೂ ಮುಂಚೆ ಅನುಮಾನ?"

"ಎಳ್ಳಷ್ಟೂ ಇಲ್ಲ."

"ಥ್ಯಾಂಕ್ಸ್. ಲೆನ್, ಕ್ಯಾಸೆಟ್ ಹಾಕ್ತೀರಾ?"

ಲೆನ್ ಗುಂಡಿ ಒತ್ತಿದರು. ಕಾರಿನ ಸದ್ದು. ತಿರುವಿನ ದೀಪದ ಟಿಕ್ ಟಿಕ್. ಆಮೇಲೆ ಕ್ಲೈವ್‌ರ ದನಿ, ನಿರಾಳವಾಗಿ:

"ಮೊರೀನ್, ಸೋಮವಾರ, ನಾಲ್ಕು ಗಂಟೆ, ಲೀಡ್ಸ್‌ನಿಂದ ವಾಪಸ್ ಬರ್ತಿದೀನಿ. ಮೊದಲು, ಕ್ಷೌರಕ್ಕೆ ಶುಕ್ರವಾರ ಸಮಯ ಗೊತ್ತುಮಾಡು. ಆಮೇಲೆ ಮಾಡ್‌ಸ್ಲಿ ಅವರಿಗೆ ಒಂದು ಪತ್ರ. ದಿನಾಂಕ ನಾಳೇದು ಹಾಕು. ಇವತ್ತೇ ಸಹಿ ಮಾಡಿಡ್ತೀನಿ, ನಾಳೆ ಹತ್ತೂವರೆಗೆ ಟ್ಯಾಕ್ಸಿಯಲ್ಲಿ ಕಳಿಸು. ಮಾನ್ಯರೇ, ತಮ್ಮ ತರಬೇತಿದಾರರ ವಶದಲ್ಲಿದ್ದ ಮೂಲ ದಾಖಲೆಯೊಂದು ಕಾಣೆಯಾಗಿರುವುದನ್ನು ಅತ್ಯಂತ ವಿಷಾದದಿಂದ..."

ಲೆನ್ ನಿಲ್ಲಿಸಿದರು.

ಕ್ಲೈವ್‌ರ ಕೈ ಟೈ ಗಂಟಿನ ಮೇಲಿತ್ತು.

"ಮಂಗಳವಾರ ಬೆಳಗ್ಗೆ ಎಲ್ಲರಿಗೂ ತಿಳಿದ ಸಂಗತಿ ನಿಮಗೆ ಸೋಮವಾರ ನಾಲ್ಕಕ್ಕೇ ಗೊತ್ತಿತ್ತು" ಎಂದಳು ಹೆಸ್ಟರ್. ಕುರ್ಚಿಯ ಬೆನ್ನಿನಿಂದ ಕೈ ತೆಗೆದಿದ್ದಳು.

"ನನಗೆ ಅನುಮಾನ ಬಂದಿದ್ದು ಲಾಡಿಯಿಂದ. ಸೋಮವಾರ ಎಂಟು ಐವತ್ನಾಲ್ಕಕ್ಕೆ ನಾನು ಪಟ್ಟಿ ನೋಡಿ ಎರಡು ಗಂಟು ಹಾಕಿದೆ, ನೋಟ್‌ಬುಕ್ಕಿನಲ್ಲಿದೆ. ಆಮೇಲೆ ಇಡೀ ದಿನ ವೇಕ್‌ಫೀಲ್ಡ್ ಕೋರ್ಟಿನಲ್ಲಿದ್ದೆ. ವಾಪಸ್ ಬಂದಿದ್ದು ಮಂಗಳವಾರ ಒಂಬತ್ತೂವರೆಗೆ, ಲೆನ್ ಬಾಗಿಲಲ್ಲೇ ನೋಡಿದ್ರು. ನಡುವೆ ಒಬ್ಬರು..."

ಅವಳು ತಡೆದಳು. ಹೆಸರು ಹೇಳುವುದು ಅವಳಿಗೆ ಬೇಕಿರಲಿಲ್ಲ.

"ನಾನು" ಎಂದ ಪಿಯರ್ಸ್. ದನಿ ಒಡೆದಿತ್ತು. "ಒಂದೂವರೆಗೆ ನಾನು ಆ ಕಡತ ಬಿಚ್ಚಿ ಓದಿದೆ. ಓದಬಾರದಾಗಿತ್ತು. ಪಟ್ಟಿ ಆಗ ಒಳಗೇ ಇತ್ತು. ಲಾಡಿ ತುದಿ ಸಿಕ್ಕಿಸಿ ಇಟ್ಟೆ. ಗಂಟು ಹಾಕಲಿಲ್ಲ."

"ಮಂಗಳವಾರ ಎರಡು ಗಂಟಿತ್ತು" ಎಂದರು ರೋಸಲಿಂಡ್. "ಇವಳು ಹಲ್ಲಲ್ಲಿ ಬಿಚ್ಚಿದ್ದನ್ನ ನಾನು ನೋಡಿ ನಕ್ಕಿದ್ದೆ."

"ಆ ಗಂಟು ಹಾಕೋರು ನಾನು ಮತ್ತು ನನಗೆ ಕಲಿಸಿದವರು" ಎಂದಳು ಹೆಸ್ಟರ್. "ನೋಟಿಸ್ ಮರೆತಿದ್ರಿ. ವಿಚಾರಣೆ ನಡೆದ್ರೆ ಹೊರಬರ್ತಿತ್ತು. ಪಟ್ಟಿ ಹೋದ್ರೆ ಹೆಬ್ಡನ್ ಹೆದರಿ ತಪ್ಪೊಪ್ಕೋತಾರೆ, ಯಾರೂ ನೋಟಿಸ್ ಕೇಳಲ್ಲ. ಪಟ್ಟಿ ಕಳೆದ ತಪ್ಪು ನನ್ನ ತಲೆಗೆ. ಅಷ್ಟೇ ತಾನೆ? ಕೇಳಿದ್ರೆ ನ್ಯಾಯಾಧೀಶರು ತಡವಾದ ನೋಟಿಸ್ ಒಪ್ತಿದ್ರು ಕ್ಲೈವ್. ನಿಮಗೆ ಒಂದು ಛೀಮಾರಿ ಬೀಳ್ತಿತ್ತು. ಅದಕ್ಕೆ ಒಬ್ಬ ಮನುಷ್ಯನ ಮೂರು ವರ್ಷ?"

ಕ್ಲೈವ್ ಟೈ ಸಡಿಲಿಸಿದರು.

"ಆ ಏಳು ದಿನದ ಗಡುವು ಮರೆತೆ, ಅಷ್ಟೇ" ಎಂದರು. "ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ."

"ಪಟ್ಟಿ ಎಲ್ಲಿದೆ?"

"ಸುಟ್ಟುಹಾಕಿದೆ ಅಂದ್ರೆ?"

"ನೀವು ಸುಡಲ್ಲ. ಒಂದು ಮೂಲ ದಾಖಲೆಗೋಸ್ಕರ ನನ್ನ ಕೈಲಿ ಮೂರು ಗಂಟೆ ಕಸದ ಚೀಲ ಹುಡುಕಿಸಿದ್ರಿ. ಮೂಲ ಪ್ರತಿ ಹರಿಯೋಕೆ ನಿಮ್ಮ ಕೈ ಏಳಲ್ಲ."

ಕ್ಲೈವ್‌ರ ತುಟಿಯ ಮೇಲೆ ನಗುವಿನಂಥದ್ದೇನೋ ಹಾದುಹೋಯಿತು.

"ನೆಲಮಾಳಿಗೆಯ ದಸ್ತಾವೇಜು ಕೋಣೆ. ಮಿಸ್ ಥ್ಯಾಕ್ರಾ ಅವರ ಉಯಿಲಿನ ಪೆಟ್ಟಿಗೆ. ಎಪ್ಪತ್ತೊಂದರಲ್ಲಿ ತೀರಿಕೊಂಡೋರು. ಯಾರೂ ತೆಗೆಯಲ್ಲ." ಅವರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ಪ್ರಶ್ನೆಗಳ ಕ್ರಮ ಚೆನ್ನಾಗಿತ್ತು ಹೆಸ್ಟರ್. ಹೊರಗೆ ಹೋಗೋ ದಾರಿಗಳನ್ನೆಲ್ಲ ಮೊದಲೇ ಮುಚ್ಚಿಬಿಟ್ಟೆ."

ಮಾಡ್‌ಸ್ಲಿ ಫೋನ್ ಎತ್ತಿ, ಕ್ಲೈವ್‌ರ ಹಿರಿಯ ಪಾಲುದಾರರನ್ನು ಕರೆದರು. ಆಮೇಲೆ ಪೊಲೀಸರನ್ನು. ಫೋನ್ ಇಟ್ಟ ಮೇಲೆ ಪಿಯರ್ಸ್ ಕಡೆ ನೋಡಿದರು.

"ಬೇರೆಯವರ ಕಡತ ಓದೋದು ಕೆಟ್ಟ ಕೆಲಸ ಲಸೆಲ್ಸ್. ಅದನ್ನ ಎದ್ದು ನಿಂತು ಹೇಳೋದು ಸುಲಭದ ಕೆಲಸ ಅಲ್ಲ. ಎರಡನ್ನೂ ನೆನಪಿಟ್ಕೋತೀನಿ. ಹೋಗಿ ಕೆಲಸ ಮಾಡು." ನಂತರ ಹೆಸ್ಟರ್ ಕಡೆ: "ನೀವೂ ಅಷ್ಟೇ ಮಿಸ್ ಓಲ್ಡ್‌ರಾಯ್ಡ್. ನಾಳೆ ನಿಮಗೊಂದು ವಿಚಾರಣೆ ಇದೆ."

\*

ಗುರುವಾರ ಹತ್ತೂವರೆ. ತಡವಾದ ನೋಟಿಸ್ ಒಪ್ಪಿಕೊಳ್ಳುವಂತೆ ನ್ಯಾಯಾಧೀಶರನ್ನು ಕೇಳಬೇಕಿತ್ತು. ರೋಸಲಿಂಡ್ ಏಳಲಿಲ್ಲ. ಕಡತವನ್ನು ಹೆಸ್ಟರ್ ಕಡೆ ಸರಿಸಿದರು.

ಹೆಸ್ಟರ್ ಎದ್ದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಚೀಟಿ ಬಂದು ಮೊಣಕೈಗೆ ತಾಗಿತು. ಅಲ್ಲಿ ಕಚೇರಿಯ ಪರವಾಗಿ ಕುಳಿತಿದ್ದವರು ಮೊರೀನ್. ಚೀಟಿಯಲ್ಲಿ ದುಂಡಗಿನ ಅಕ್ಷರ: "ವಿಗ್ ಎಡಕ್ಕೆ ಸೊಟ್ಟಗಿದೆ. ಉಳಿದದ್ದೆಲ್ಲ ಸರಿಯಾಗಿದೆ."

ಹೆಸ್ಟರ್ ವಿಗ್ ಸರಿಮಾಡಿಕೊಂಡಳು.

"ಯುವರ್ ಆನರ್" ಎಂದಳು. ದನಿ ಕೋಣೆಯ ಕೊನೆಯವರೆಗೆ ಮುಟ್ಟಿತು.

ಹದಿನೆಂಟು ನಿಮಿಷ ಮಾತಾಡಿದಳು. ನ್ಯಾಯಾಧೀಶರು ಅನುಮತಿ ಕೊಟ್ಟರು. ಪ್ರಾಸಿಕ್ಯೂಷನ್ ವಕೀಲರು ಉಯಿಲಿನ ಪೆಟ್ಟಿಗೆಯಲ್ಲಿ ಸಿಕ್ಕ ನೇರಳೆ ಚುಕ್ಕೆಗಳ ಪಟ್ಟಿ ನೋಡಿದರು. ಹೊರಗೆ ಕಾಯುತ್ತಿದ್ದ ಕ್ಲಬ್ ಕಾರ್ಯದರ್ಶಿಯ ಜೊತೆ ಅರ್ಧ ಗಂಟೆ ಕೂತರು. ಆ ಗಡಿಯಾರಕ್ಕೆ ಬೇರೆ ಯಾರಾದರೂ ಉಂಗುರ ಹಾಕಿರಬಹುದಲ್ಲ ಎಂದು ಕೇಳಿದಾಗ ಕಾರ್ಯದರ್ಶಿ ನಕ್ಕರಂತೆ. ವಿಲ್ಫ್ ಮನೆಯಲ್ಲಿ ವಿಲ್ಫ್ ಬಿಟ್ಟರೆ ಇನ್ನೊಬ್ಬರಿಲ್ಲ. ವಿಲ್ಫ್ ಹಕ್ಕಿಗಳು ಇನ್ನೊಬ್ಬರ ಕೈಗೆ ಬರುವುದೂ ಇಲ್ಲ. ಊಟದ ವಿರಾಮದ ನಂತರ ಪ್ರಾಸಿಕ್ಯೂಷನ್ ಹಿಂದೆ ಸರಿಯಿತು. 2.19ಕ್ಕೆ ವಿಲ್ಫ್ ಹೆಬ್ಡನ್ ಕಟಕಟೆಯಿಂದ ಹೊರಬಂದರು. ಸಮಯವನ್ನು ಹೆಸ್ಟರ್ ಬರೆದುಕೊಂಡಳು.

"ಮುಂದಿನ ವರ್ಷ ಒಂದು ಹಕ್ಕಿಗೆ ನಿನ್ನ ಹೆಸರಿಡ್ತೀನಿ ಮಗಳೇ" ಎಂದು ವಿಲ್ಫ್ ಅವಳ ಎರಡೂ ಕೈ ಹಿಡಿದರು. "ಆದ್ರೆ ಸೂರಿನ ಮೇಲೆ ಕೂತು ಪುಕ್ಕ ಬಾಚ್ಕೊಂಡ್ರೆ ಹೆಸರು ವಾಪಸ್."

ಎಲ್ಲರೂ ಹೋದ ಮೇಲೆ ಹೆಸ್ಟರ್ ಕಡತದ ಹಿಂಬದಿ ಹಾಳೆಯ ಮೇಲೆ ಫಲಿತಾಂಶ ಬರೆದಳು: ನಿರ್ದೋಷಿ. ಕೆಳಗೆ ತನ್ನ ಹೆಸರು. ಹಾಳೆಗಳನ್ನು ಜೋಡಿಸಿ ಗುಲಾಬಿ ಲಾಡಿ ಸುತ್ತಿದಳು. ಒಂದು ಗಂಟು. ಅದರ ಮೇಲೆ ಇನ್ನೊಂದು, ಬಿಗಿಯಾಗಿ.

ರೋಸಲಿಂಡ್ ಗೌನ್ ಮಡಿಸುತ್ತಾ ನೋಡಿದರು. "ಮತ್ತೆ ಅದೇನಾ? ನಿನಗೆ ಯಾವಾಗ ಬುದ್ಧಿ ಬರೋದು?"

"ಮುಂದಿನದಕ್ಕೆ ತುದಿ ಸಿಕ್ಕಿಸ್ತೀನಿ" ಎಂದಳು ಹೆಸ್ಟರ್. "ಇದನ್ನ ಇನ್ನು ಯಾರೂ ಬಿಚ್ಚಬೇಕಾಗಿಲ್ಲ."